ಓದು ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ, ಪ್ರಯೋಗ ತವರಿನ ಹೊಲದಲ್ಲಿ: ಬರ ತಡೆಯುವ ತಳಿ ರೂಪಿಸುವವರ ತರಬೇತಿಯ ಒಂದು ಪ್ರಕರಣ

1991–92ರ ಬರದಲ್ಲಿ ಆಫ್ರಿಕಾ ಖಂಡದ ದಕ್ಷಿಣ ಭಾಗದ ಮೆಕ್ಕೆಜೋಳ ಹೊಲದಲ್ಲೇ ಒಣಗಿಹೋಯಿತು. ಒಳ್ಳೆಯ ವರ್ಷಗಳಲ್ಲಿ ನೆರೆಯ ದೇಶಗಳಿಗೆ ಧಾನ್ಯ ಮಾರುತ್ತಿದ್ದ ಜಿಂಬಾಬ್ವೆಯೂ ಆ ಸಲ ಹೊರಗಿನಿಂದ ತರಿಸಿಕೊಳ್ಳಬೇಕಾಯಿತು. ಇಂಥ ಬರ ಬಂದಾಗಲೆಲ್ಲ ಚರ್ಚೆ ಬೀಜದ ಹತ್ತಿರ ಬಂದು ನಿಲ್ಲುತ್ತದೆ: ಬರ ತಡೆಯುವ ತಳಿ ಬೇಕು, ಬೇಗ ಬೇಕು. ಆ ತಳಿಯನ್ನು ಮಾಡುವವರು ಯಾರು, ಅವರು ಎಲ್ಲಿ ಕಲಿತವರು, ಯಾವ ಬೆಳೆಯ ಮೇಲೆ ಕೈ ಪಳಗಿಸಿಕೊಂಡವರು ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿಯುತ್ತದೆ. ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನ ಒಂದು ತರಬೇತಿ ಕೇಂದ್ರದ ಈ ಪ್ರಕರಣ ಆ ಪ್ರಶ್ನೆಗೆ ಸಂಬಂಧಿಸಿದ್ದು.

ಆಫ್ರಿಕಾದ ಬಹುತೇಕ ದೇಶಗಳಲ್ಲಿ ತಳಿವಿಜ್ಞಾನಿಯಾಗುವ ರೂಢಿಯ ದಾರಿ ಒಂದೇ ಆಗಿತ್ತು. ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಚುರುಕು ಹುಡುಗನೋ ಹುಡುಗಿಯೋ ವಿದ್ಯಾರ್ಥಿವೇತನ ಗಿಟ್ಟಿಸಿ ಅಮೆರಿಕಕ್ಕೋ ಯುರೋಪಿಗೋ ಪಿಎಚ್.ಡಿ.ಗೆ ಹೋಗಬೇಕು. ಅಲ್ಲಿನ ಪ್ರಯೋಗಾಲಯ, ಅಲ್ಲಿನ ಬೆಳೆ, ಅಲ್ಲಿನ ಹವೆ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಸಂಸಾರ ಅಲ್ಲೇ ಬೇರು ಬಿಟ್ಟಿರುತ್ತಿತ್ತು, ಎಷ್ಟೋ ಮಂದಿ ಮರಳುತ್ತಿರಲಿಲ್ಲ. ಮರಳಿದವರ ಕೈಯಲ್ಲೂ ಪದವಿಯಿತ್ತೇ ಹೊರತು ಊರಿನ ಮರಗೆಣಸು, ಅಲಸಂದೆ, ಜೋಳ, ಸಜ್ಜೆಗಳ ಒಂದು ಸಂಕರಣವೂ ಇರುತ್ತಿರಲಿಲ್ಲ. ಬಂದ ಮೇಲೆ ಮೊದಲಿನಿಂದ ಶುರು.

2000ರ ದಶಕದ ಆರಂಭದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಹಣದ ನೆರವಿನಿಂದ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ 'ಆಫ್ರಿಕನ್ ಸೆಂಟರ್ ಫಾರ್ ಕ್ರಾಪ್ ಇಂಪ್ರೂವ್‌ಮೆಂಟ್' ಆರಂಭವಾಯಿತು. ಈಗ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಭಾಗವಾಗಿರುವ ಈ ಕೇಂದ್ರವನ್ನು ಕಟ್ಟಿ ನಿರ್ದೇಶಕರಾಗಿ ನಡೆಸಿದವರು ಮಾರ್ಕ್ ಲೇಯಿಂಗ್. ವಿಶೇಷವೆಂದರೆ ಅವರು ಮೂಲತಃ ಸಸ್ಯರೋಗ ತಜ್ಞರು. ಕೇಂದ್ರದ ಲೆಕ್ಕಾಚಾರ ಸರಳ: ಐದು ವರ್ಷದ ಪಿಎಚ್.ಡಿ.ಯಲ್ಲಿ ಮೊದಲ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಪಾಠ ಮತ್ತು ಸಂಶೋಧನಾ ಪ್ರಸ್ತಾವದ ತಯಾರಿ, ಆಮೇಲಿನ ಮೂರು ವರ್ಷ ವಿದ್ಯಾರ್ಥಿಯ ಸ್ವಂತ ದೇಶದಲ್ಲಿ, ಸ್ವಂತ ದೇಶದ ಬೆಳೆಯ ಮೇಲೆ, ತನಗೆ ಸಂಬಳ ಕೊಡುವ ಸಂಶೋಧನಾ ಕೇಂದ್ರದಲ್ಲೇ ಹೊಲದ ಕೆಲಸ. ವಿಶ್ವವಿದ್ಯಾಲಯದ ಮಾರ್ಗದರ್ಶಕರೊಬ್ಬರು, ತವರಿನಲ್ಲಿ ಸಹಮಾರ್ಗದರ್ಶಕರೊಬ್ಬರು. ಪದವಿ ಮುಗಿಯುವ ಹೊತ್ತಿಗೆ ಕೈಯಲ್ಲಿ ಪ್ರಬಂಧದ ಜೊತೆಗೆ ಊರಿನಲ್ಲೇ ಬೆಳೆದ ತಳಿಸಾಲುಗಳೂ, ಅಂದರೆ ಮುಂದೆ ತಳಿಯಾಗಬಲ್ಲ ಪೀಳಿಗೆಗಳೂ, ಇರಬೇಕು.

ಇದನ್ನು ಬರೀ ಪ್ರತಿಭಾ ಪಲಾಯನ ತಡೆಯುವ ಉಪಾಯವೆಂದು ಹೊಗಳಿ ಬಿಡುವವರೇ ಹೆಚ್ಚು. ಅದು ನಿಜವೂ ಹೌದು. ಈ ಕೇಂದ್ರದಿಂದ ಈವರೆಗೆ ನೂರಕ್ಕೂ ಹೆಚ್ಚು ಮಂದಿ ಡಾಕ್ಟರೇಟ್ ಪಡೆದಿದ್ದಾರೆ, ಅವರಲ್ಲಿ ಬಹುತೇಕರು ಆಫ್ರಿಕಾದಲ್ಲೇ ಉಳಿದಿದ್ದಾರೆ. ಆದರೆ ಬರದ ಮಟ್ಟಿಗೆ ಈ ವಿನ್ಯಾಸದ ಮಹತ್ವ ಅದಕ್ಕಿಂತ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ತುಕ್ಕು ರೋಗಕ್ಕೆ ನಿರೋಧಕ ಗೋಧಿ ಮಾಡುವುದನ್ನು ಒಬ್ಬ ವಿದ್ಯಾರ್ಥಿ ದೂರದ ಹಸಿರುಮನೆಯಲ್ಲೂ ಬಹುಮಟ್ಟಿಗೆ ಕಲಿಯಬಲ್ಲ, ಏಕೆಂದರೆ ರೋಗಾಣುವನ್ನು ಸಿಂಪಡಿಸಿದರೆ ರೋಗ ಬಂದೇ ಬರುತ್ತದೆ. ಬರ ಹಾಗಲ್ಲ. ಯಾವ ಮಣ್ಣು, ಯಾವ ಹಂತದಲ್ಲಿ ಮಳೆ ಕೈಕೊಟ್ಟಿತು, ಬಿಸಿಲು ಎಷ್ಟಿತ್ತು, ಬೇರಿಗೆ ಎಷ್ಟು ಆಳದವರೆಗೆ ಜಾಗ ಸಿಕ್ಕಿತು ಎಂಬುದರ ಮೇಲೆ ಒಂದೇ ತಳಿ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುತ್ತದೆ. ಒಂದು ಪ್ರದೇಶದ ಬರಕ್ಕೆ ತಳಿ ರೂಪಿಸುವವರು ಆ ಪ್ರದೇಶದ ಬರವನ್ನೇ ಕಲಿಯಬೇಕು.

ರೈತರಿಂದ ಆರಂಭ

ಈ ಕೇಂದ್ರದ ಪ್ರಬಂಧಗಳನ್ನು ತೆರೆದು ನೋಡಿದರೆ ಒಂದು ವಾಡಿಕೆ ಎದ್ದು ಕಾಣುತ್ತದೆ. ಸಾಹಿತ್ಯ ಸಮೀಕ್ಷೆಯ ನಂತರದ ಅಧ್ಯಾಯ ಹಲವು ಸಲ ಹಳ್ಳಿಯದು: ರೈತರ ಜೊತೆ ಕೂತು ಬೆಳೆ, ಬೀಜ, ಬರ, ಅಡುಗೆ, ಸಂಗ್ರಹಣೆಯ ಬಗ್ಗೆ ನಡೆಸಿದ ಸಮೀಕ್ಷೆ. ಅದಾದ ಮೇಲೆ ಸ್ಥಳೀಯ ತಳಿಗಳ ವೈವಿಧ್ಯದ ಅಧ್ಯಯನ, ಸಂಕರಣಗಳು, ಯಾವ ತಾಯಿ ಯಾವ ತಂದೆಯ ಜೊತೆ ಚೆನ್ನಾಗಿ ಕೂಡುತ್ತದೆಂಬ ಸಂಯೋಜನಾ ಸಾಮರ್ಥ್ಯದ ವಿಶ್ಲೇಷಣೆ, ಕೊನೆಗೆ ಹಲವು ಊರುಗಳ ಪರೀಕ್ಷೆ.

ಪ್ರಯೋಗಾಲಯದಲ್ಲಿ ಪಳಗಿದವರಿಗೆ ಹಳ್ಳಿಯ ಅಧ್ಯಾಯ ಮೃದುವೆನಿಸಬಹುದು. ಅದರ ಬೆಲೆ ತಿಳಿಯಲು ಮಲಾವಿಯನ್ನು ನೋಡಬೇಕು. ಅಲ್ಲಿ ಹೆಚ್ಚು ಇಳುವರಿಯ ಹೈಬ್ರಿಡ್ ಮೆಕ್ಕೆಜೋಳ ಬಹುಕಾಲ ಲಭ್ಯವಿದ್ದರೂ ಸಣ್ಣ ರೈತರು ಊಟಕ್ಕೆ ಅದನ್ನು ಬೆಳೆಯಲಿಲ್ಲ. ಆ ಹೈಬ್ರಿಡ್‌ಗಳದು ಮೆದು ಕಾಳು. ಒನಕೆಯಲ್ಲಿ ಕುಟ್ಟಿದರೆ ಹಿಟ್ಟು ಕಡಿಮೆ ದಕ್ಕುತ್ತಿತ್ತು, ಕಣಜದಲ್ಲಿ ಹುಳು ಬೇಗ ಬೀಳುತ್ತಿತ್ತು. 1990ರಲ್ಲಿ ಗಟ್ಟಿ ಕಾಳಿನ ಕಡೆಗೆ ವಾಲಿದ ಎಂಎಚ್17 ಮತ್ತು ಎಂಎಚ್18 ಬಿಡುಗಡೆಯಾದವು, ರೈತರು ಅವುಗಳತ್ತ ತಿರುಗಿದರು. ಎಷ್ಟೇ ಬರ ತಡೆಯುವ ತಳಿಯಾದರೂ ಒನಕೆಯ ಕೆಳಗೆ ಸೋತರೆ ಹೊಲಕ್ಕೆ ಬರುವುದಿಲ್ಲ. ಇದನ್ನು ಪಿಎಚ್.ಡಿ.ಯ ಆರಂಭದಲ್ಲೇ, ಸಂಕರಣಕ್ಕೆ ಪೋಷಕ ತಳಿ ಆರಿಸುವ ಮೊದಲೇ, ರೈತ ಮಹಿಳೆಯರ ಬಾಯಿಂದ ಕೇಳಿಸಿಕೊಂಡವರು ಹತ್ತು ವರ್ಷದ ಶ್ರಮ ಉಳಿಸುತ್ತಾರೆ.

ಬರವನ್ನು ಬೇಕೆಂದೇ ಸೃಷ್ಟಿಸುವುದು

ಈಗ ಕಸುಬಿನ ತಿರುಳಿಗೆ ಬರೋಣ. ಮೆಕ್ಕೆಜೋಳವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ಬರಕ್ಕೆ ಆಯ್ಕೆ ಮಾಡುವ ವಿಧಾನ ಈ ಬೆಳೆಯಲ್ಲಿ ಬೇರೆಲ್ಲಕ್ಕಿಂತ ಸ್ಪಷ್ಟವಾಗಿ ಬೆಳೆದುಬಂದಿದೆ.

ಬರಕ್ಕೆ ತಳಿ ಬೇಕೆಂದರೆ ಬರ ಬಂದ ವರ್ಷ ಚೆನ್ನಾಗಿ ಬೆಳೆದದ್ದನ್ನು ಆರಿಸಿದರಾಯಿತು ಎಂದು ಹೊಸಬರು ಭಾವಿಸುತ್ತಾರೆ. ಹೊಲದಲ್ಲಿ ಆಗುವುದು ಬೇರೆ. ಮಳೆ ನಂಬಿದ ಪರೀಕ್ಷೆಯಲ್ಲಿ ಒಂದು ವರ್ಷ ಬರ ಬರುವುದೇ ಇಲ್ಲ, ಇನ್ನೊಂದು ವರ್ಷ ಬಂದರೂ ತಪ್ಪು ಹಂತದಲ್ಲಿ ಬರುತ್ತದೆ. ನೀರು ಕಡಿಮೆಯಾದಂತೆ ಮಣ್ಣಿನ ಏರುಪೇರು ಎದ್ದು ಕಾಣತೊಡಗುತ್ತದೆ. ಒಂದು ತಾಕಿನ ಕೆಳಗೆ ಒಂದಡಿ ಹೆಚ್ಚು ಆಳದ ಮಣ್ಣಿದ್ದರೆ ಅಲ್ಲಿನ ಗಿಡ ಹಸಿರಾಗಿ ನಿಂತು ತಾನೇ ಶ್ರೇಷ್ಠ ತಳಿಯೆಂಬ ಭ್ರಮೆ ಹುಟ್ಟಿಸುತ್ತದೆ. ಇಳುವರಿಯ ಅನುವಂಶೀಯತೆ, ಅಂದರೆ ಕಾಣುವ ವ್ಯತ್ಯಾಸದಲ್ಲಿ ತಳಿಗುಣದಿಂದ ಬಂದ ಪಾಲು, ಬರದಲ್ಲಿ ಕುಸಿಯುತ್ತದೆ. ಬರ ಬಂದಾಗಲೇ ಆಯ್ಕೆ ಮಾಡುವ ಕಣ್ಣು ಮಂಜಾಗುತ್ತದೆ ಎಂಬುದೇ ಈ ಕೆಲಸದ ಮೂಲ ಕಷ್ಟ.

ಮೆಕ್ಸಿಕೋದ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸುಧಾರಣಾ ಕೇಂದ್ರ, ಅಂದರೆ ಸಿಮಿಟ್, ಇದಕ್ಕೆ ಕಂಡುಕೊಂಡ ಉತ್ತರ ನಿಯಂತ್ರಿತ ಬರ. ಮಳೆಯೇ ಇಲ್ಲದ ಹಂಗಾಮಿನಲ್ಲಿ, ಬೆಚ್ಚಗಿನ ತಗ್ಗು ಪ್ರದೇಶದಲ್ಲಿ, ನೀರಾವರಿ ಕೊಟ್ಟು ಬೆಳೆ ಎಬ್ಬಿಸಿ, ಹೂ ಬಿಡುವ ಮುಂಚೆ ಲೆಕ್ಕ ಹಾಕಿ ನೀರು ನಿಲ್ಲಿಸುವುದು. ಜಿಂಬಾಬ್ವೆಯ ಚಿರೆಡ್ಜಿ, ಕೆನ್ಯಾದ ಕಿಬೊಕೊ ಇಂಥ ಕೆಲಸಕ್ಕೆ ಹೆಸರಾದ ತಾಣಗಳು. ನೀರು ಎಂದು ನಿಲ್ಲಿಸಬೇಕೆಂಬುದಕ್ಕೆ ಕ್ಯಾಲೆಂಡರ್ ನೋಡಿದರೆ ಸಾಲದು. ಹೂವಾಗುವ ದಿನಕ್ಕೆ ಮಣ್ಣಿನ ತೇವ ಮುಗಿದಿರಬೇಕು, ಹಾಗಾಗಿ ಮಣ್ಣು ಎಷ್ಟು ನೀರು ಹಿಡಿಯುತ್ತದೆ, ದಿನಕ್ಕೆ ಎಷ್ಟು ಆವಿಯಾಗುತ್ತದೆ, ತಳಿ ಎಷ್ಟು ದಿನಕ್ಕೆ ಹೂ ಬಿಡುತ್ತದೆ ಎಂಬ ಮೂರೂ ಕೂಡಿಬರಬೇಕು. ಹೂವಿನ ಹಂತದ ತೀವ್ರ ಬರದಲ್ಲಿ ಇಳುವರಿ ನೀರುಂಡ ಬೆಳೆಯ ಸುಮಾರು ಐದನೆಯ ಒಂದು ಭಾಗಕ್ಕೆ ಇಳಿಯಬೇಕು. ಅದಕ್ಕಿಂತ ಬಹಳ ಮೇಲಿದ್ದರೆ ತಳಿಗಳ ನಡುವಿನ ವ್ಯತ್ಯಾಸ ಹೊರಬೀಳುವುದಿಲ್ಲ. ಎಲ್ಲವೂ ಸತ್ತರೆ ಅಳೆಯಲು ಏನೂ ಉಳಿಯುವುದಿಲ್ಲ. ಹೊಸ ವಿದ್ಯಾರ್ಥಿಯ ಮೊದಲ ಬರ ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ತುದಿಗೆ ಹೋಗುತ್ತದೆ. ಹತೋಟಿ ಬರುವುದು ಹಂಗಾಮುಗಳನ್ನು ಕಂಡ ಮೇಲೆ. ತವರಿನ ಹೊಲದಲ್ಲಿ ಮೂರು ವರ್ಷ ಕೊಡುವ ವಿನ್ಯಾಸ ಸಾರ್ಥಕವಾಗುವುದು ಇಲ್ಲೇ.

ಹೊಲದೊಳಗೆ ಇಳಿದಾಗ ಏನನ್ನು ನೋಡಬೇಕು? ಮೆಕ್ಕೆಜೋಳದ ಗಂಡು ಹೂ ತುದಿಯ ಸೂಲಂಗಿಯಲ್ಲಿ, ಹೆಣ್ಣು ಹೂ ನಡುವಿನ ತೆನೆಯಲ್ಲಿ. ತೆನೆಯ ತುದಿಯಿಂದ ಹೊರಬರುವ ಪ್ರತಿ ರೇಷ್ಮೆ ಎಳೆ ಒಂದೊಂದು ಕಾಳಿನ ದಾರಿ. ನೀರಿನ ಕೊರತೆ ಬಿದ್ದಾಗ ಸೂಲಂಗಿ ಬಹುತೇಕ ತನ್ನ ಹೊತ್ತಿಗೇ ಪರಾಗ ಚೆಲ್ಲುತ್ತದೆ, ಆದರೆ ತೆನೆಗೆ ಆಹಾರ ಸಾಲದೆ ಎಳೆಗಳು ನಿಧಾನಿಸುತ್ತವೆ. ಎಳೆ ಹೊರಬರುವಷ್ಟರಲ್ಲಿ ಪರಾಗ ಮುಗಿದಿರುತ್ತದೆ. ತೆನೆ ಬೋಳಾಗುತ್ತದೆ. ವಿದ್ಯಾರ್ಥಿ ಮಾಡಬೇಕಾದದ್ದು ಇಷ್ಟು: ತಾಕಿನ ಅರ್ಧದಷ್ಟು ಗಿಡಗಳು ಪರಾಗ ಚೆಲ್ಲಿದ ದಿನ ಒಂದು, ಅರ್ಧದಷ್ಟು ಗಿಡಗಳಲ್ಲಿ ಎಳೆ ಕಂಡ ದಿನ ಇನ್ನೊಂದು, ಇವೆರಡನ್ನೂ ಬರೆದಿಟ್ಟು ಕಳೆಯುವುದು. ನೀರಿದ್ದಾಗ ಈ ಅಂತರ ಒಂದೆರಡು ದಿನ. ಬರದಲ್ಲಿ ದುರ್ಬಲ ತಳಿಯಲ್ಲಿ ವಾರ ದಾಟುತ್ತದೆ. ಇಳುವರಿಯ ಅನುವಂಶೀಯತೆ ಕುಸಿಯುವ ಹೊಲದಲ್ಲೂ ಈ ಅಂತರದ ಅನುವಂಶೀಯತೆ ಅಷ್ಟಾಗಿ ಕುಸಿಯುವುದಿಲ್ಲ, ಇಳುವರಿಯ ಜೊತೆ ಅದರ ನಂಟು ಬರದಲ್ಲಿ ಇನ್ನೂ ಬಿಗಿಯಾಗುತ್ತದೆ. ಮಂಜಾದ ಕಣ್ಣಿಗೆ ಇದೇ ಆಸರೆ.

ಇದಕ್ಕೆ ಉಪಕರಣ ಬೇಡ. ಆದರೆ ಹೂವಿನ ಕಾಲದಲ್ಲಿ ದಿನ ತಪ್ಪದೆ, ನೂರಾರು ತಾಕುಗಳ ನಡುವೆ, ಅದೇ ಕಣ್ಣಿನಿಂದ ಎಣಿಸಬೇಕು. ಎರಡು ದಿನ ಬಿಟ್ಟು ಬಂದು ಅಂದಾಜಿನಲ್ಲಿ ಬರೆದರೆ ಅಳೆಯಬೇಕಾದ ವ್ಯತ್ಯಾಸವೇ ಎರಡು ದಿನದ್ದು, ದತ್ತಾಂಶ ಅಲ್ಲಿಗೆ ಮುಗಿಯಿತು. ಜೊತೆಗೆ ಎಲೆ ಸುರುಳಿಯ ಅಂಕ: ಬಿಚ್ಚಿದ ಎಲೆಗೆ 1, ಈರುಳ್ಳಿ ಎಲೆಯಂತೆ ಪೂರ್ತಿ ಸುತ್ತಿಕೊಂಡದ್ದಕ್ಕೆ 5. ಎಲೆ ಒಣಗಿದ ಪ್ರಮಾಣಕ್ಕೆ 0ಯಿಂದ 10ರವರೆಗೆ. ಗಿಡಕ್ಕೆ ಎಷ್ಟು ತೆನೆ ಕಟ್ಟಿತೆಂಬ ಎಣಿಕೆ. ಇಬ್ಬರು ಬೇರೆ ಬೇರೆಯಾಗಿ ಅಂಕ ಕೊಟ್ಟು ಹೋಲಿಸಿ ನೋಡುವ ಅಭ್ಯಾಸವನ್ನು ನಾನು ಯಾವ ಸಂಖ್ಯಾಶಾಸ್ತ್ರದ ಪಾಠಕ್ಕೂ ಕಡಿಮೆಯೆಂದು ಎಣಿಸುವುದಿಲ್ಲ.

ಈ ದಾರಿ ಫಲ ಕೊಡುತ್ತದೆಂಬುದಕ್ಕೆ ಸಾಕ್ಷಿ ಹಳೆಯದು. ಸಿಮಿಟ್ 1970ರ ದಶಕದಲ್ಲಿ 'ಟುಕ್ಸ್‌ಪೆನ್ಯೊ ಸೆಕಿಯಾ' ಎಂಬ ಮೆಕ್ಕೆಜೋಳ ಸಮೂಹದಲ್ಲಿ ನಿಯಂತ್ರಿತ ಬರದಡಿ ಆಯ್ಕೆ ಶುರುಮಾಡಿತು. ಎಂಟು ಸುತ್ತು ಆಯ್ಕೆಯ ಫಲಿತಾಂಶವನ್ನು ಬೊಲಾನ್ಯೋಸ್ ಮತ್ತು ಎಡ್ಮೀಡ್ಸ್ 1993ರಲ್ಲಿ ಪ್ರಕಟಿಸಿದರು. ಪ್ರತಿ ಸುತ್ತಿಗೆ ಹೆಕ್ಟೇರಿಗೆ ಸುಮಾರು 100 ಕಿ.ಗ್ರಾಂ. ಇಳುವರಿ ಏರಿತ್ತು. ಕುತೂಹಲದ ವಿಷಯವೆಂದರೆ ಗಿಡದ ನೀರಿನ ಸ್ಥಿತಿ ಗಮನಾರ್ಹವಾಗಿ ಬದಲಾಗಿರಲಿಲ್ಲ, ಮೇಲ್ಮಣ್ಣಿನ ಬೇರಿನ ರಾಶಿ ಹೆಚ್ಚುವ ಬದಲು ಕಡಿಮೆಯೇ ಆಗಿತ್ತು. ಬದಲಾದದ್ದು ಹಂಚಿಕೆ: ಇದ್ದ ಆಹಾರವನ್ನು ಗಿಡ ತೆನೆಗೆ ಮೊದಲು ಕೊಡತೊಡಗಿತ್ತು. ಬರ ಎಂದರೆ ಬೇರು, ಬೇರು ಎಂದರೆ ಬರ ಎಂದುಕೊಂಡು ಬರುವ ವಿದ್ಯಾರ್ಥಿಗೆ ಈ ಒಂದು ಫಲಿತಾಂಶವನ್ನು ಕಲಿಸಲೇಬೇಕು. ಆಳದ ತೇವ ಉಳಿದಿರುವ ಮಣ್ಣಿನ ಕಡಲೆಗೋ ಮಳೆಯಾಶ್ರಿತ ಭತ್ತಕ್ಕೋ ಬೇರು ನಿರ್ಣಾಯಕವಾಗಬಹುದು. ಆಳದಲ್ಲಿ ನೀರೇ ಇಲ್ಲದ ಕಡೆ ಉದ್ದನೆಯ ಬೇರು ಬೆಳೆಸುವುದು ಗಿಡಕ್ಕೆ ದಂಡದ ಖರ್ಚು.

ಹೊಸಬರು ಬೀಳುವ ಎರಡು ಗುಂಡಿಗಳು

ಒಂದು, ಪಾರಾಗುವುದನ್ನು ಸಹಿಸುವುದೆಂದು ತಿಳಿಯುವುದು. ಬೇಗ ಹೂ ಬಿಡುವ ತಳಿ ಬರ ತೀವ್ರವಾಗುವ ಮುಂಚೆಯೇ ಕಾಳು ಕಟ್ಟಿ ಮುಗಿಸುತ್ತದೆ. ಅದು ಪಟ್ಟಿಯ ತುದಿಯಲ್ಲಿ ನಿಲ್ಲುತ್ತದೆ. ಮಳೆ ಬೇಗ ನಿಲ್ಲುವ ಪ್ರದೇಶಕ್ಕೆ ಅದೇ ಬೇಕಾದ ಗುಣವಿರಬಹುದು. ಆದರೆ ಒಳ್ಳೆಯ ಮಳೆಯ ವರ್ಷ ಅಲ್ಪಾವಧಿ ತಳಿ ತನ್ನ ಇಳುವರಿಯ ಮಿತಿಯಲ್ಲೇ ನಿಂತುಬಿಡುತ್ತದೆ, ರೈತನಿಗೆ ಆ ವರ್ಷದ ಲಾಭ ತಪ್ಪುತ್ತದೆ. ಒಂದೇ ಅವಧಿಯ ತಳಿಗಳನ್ನು ಒಂದೇ ಪರೀಕ್ಷೆಗೆ ಹಾಕಬೇಕು, ಇಲ್ಲವೇ ಹೂವಿನ ದಿನವನ್ನು ಲೆಕ್ಕದಲ್ಲಿ ಸರಿದೂಗಿಸಬೇಕು.

ಎರಡನೆಯದು ಕುಂಡ. ಸಸಿಗಳನ್ನು ಕುಂಡದಲ್ಲಿಟ್ಟು ನೀರು ನಿಲ್ಲಿಸಿ ಯಾವುದು ಕೊನೆಗೆ ಸತ್ತಿತೆಂದು ನೋಡುವ, ಇಲ್ಲವೇ ರಾಸಾಯನಿಕ ದ್ರಾವಣದಲ್ಲಿ ಬೀಜ ಮೊಳೆಯಿಸಿ ಕೃತಕ ಬರ ತೋರಿಸುವ ಪ್ರಬಂಧಗಳು ರಾಶಿ ರಾಶಿ ಬಂದಿವೆ. ಅಗ್ಗ, ಬೇಗ ಮುಗಿಯುತ್ತದೆ, ಚೊಕ್ಕ ಅಂಕಿ ಸಿಗುತ್ತದೆ. ಆದರೆ ರೈತನಿಗೆ ಬೇಕಾದದ್ದು ಬದುಕುಳಿದ ಸಸಿಯಲ್ಲ, ಕಾಳು. ಕುಂಡದಲ್ಲಿ ದೀರ್ಘಾಯುಷಿಯಾದ ಗಿಡ ಎಷ್ಟೋ ಸಲ ಹೊಲದಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ಬೆಳೆಯದೆ ಸುಮ್ಮನೆ ನಿಲ್ಲುವ ಗಿಡ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪರೋಕ್ಷ ಗುಣಗಳ ಬೆನ್ನು ಬಿಟ್ಟು ಬರದ ಹೊಲದಲ್ಲಿ ನೇರವಾಗಿ ಇಳುವರಿಗೇ ಆಯ್ಕೆ ಮಾಡುವ ಹಾದಿ ಹಿಡಿದ ಮೇಲೆಯೇ ಭಾರತದಲ್ಲಿ ಬಿಡುಗಡೆಯಾದ 'ಸಹಭಾಗಿ ಧಾನ್'ನಂಥ ತಳಿಗಳು ಬಂದವು.

ಮಾದರಿಯ ಮಿತಿ

ಈ ಮಾದರಿ ಒಂದೇ ಕಡೆ ನಿಲ್ಲಲಿಲ್ಲ. 2006ರಲ್ಲಿ ಸ್ಥಾಪನೆಯಾದ 'ಅಲಯನ್ಸ್ ಫಾರ್ ಎ ಗ್ರೀನ್ ರೆವಲ್ಯೂಷನ್ ಇನ್ ಆಫ್ರಿಕಾ' ಹಣ ಒದಗಿಸಿತು. 2007ರಲ್ಲಿ ಘಾನಾ ವಿಶ್ವವಿದ್ಯಾಲಯದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಹಯೋಗದಿಂದ 'ವೆಸ್ಟ್ ಆಫ್ರಿಕಾ ಸೆಂಟರ್ ಫಾರ್ ಕ್ರಾಪ್ ಇಂಪ್ರೂವ್‌ಮೆಂಟ್' ಆರಂಭವಾಯಿತು. ಅದನ್ನು ಕಟ್ಟಿದ ಎರಿಕ್ ಡಂಕ್ವಾ ಅವರಿಗೆ 2022ರಲ್ಲಿ ಆಫ್ರಿಕಾ ಫುಡ್ ಪ್ರೈಜ್ ಬಂತು. ಪೀಟರ್‌ಮಾರಿಟ್ಸ್‌ಬರ್ಗ್ ಪೂರ್ವ ಮತ್ತು ದಕ್ಷಿಣ ಭಾಗಕ್ಕೆ ಹೆಚ್ಚಾಗಿ ಜನ ತಯಾರು ಮಾಡಿದರೆ ಘಾನಾದ ಕೇಂದ್ರ ಪಶ್ಚಿಮ ಮತ್ತು ಮಧ್ಯ ಭಾಗಕ್ಕೆ. ಅಲ್ಲೂ ಹೊಲದ ಕೆಲಸ ತವರಿನಲ್ಲೇ.

ಹಾಗೆಂದು ಹೊರದೇಶದಲ್ಲಿ ಓದಿದವರು ಏನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ಇಥಿಯೋಪಿಯಾದ ಗೆಬಿಸಾ ಎಜೆಟಾ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದಿ ಸುಡಾನ್‌ಗೆ ಬಂದು ಬರ ತಡೆಯುವ ಹೈಬ್ರಿಡ್ ಜೋಳ 'ಹಗೀನ್ ದುರಾ-1' ರೂಪಿಸಿದರು. ಅದು 1983ರಲ್ಲಿ ಬಿಡುಗಡೆಯಾಯಿತು, 2009ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಕೇಪ್ ವರ್ಡ್ ಮೂಲದ ಮಾರಿಯಾ ಆಂಡ್ರಾಡೆ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು ಮೊಜಾಂಬಿಕ್‌ನಲ್ಲಿ ಸಿಹಿಗೆಣಸಿನ ಕೆಲಸಕ್ಕೆ ತೊಡಗಿದರು. ಅವರ ತಂಡದಿಂದ 2011ರಲ್ಲಿ ಬರ ತಡೆಯುವ, ಕಿತ್ತಳೆ ತಿರುಳಿನ 15 ತಳಿಗಳು ಬಂದವು. ಇಬ್ಬರಲ್ಲೂ ಸಮಾನವಾದದ್ದು, ಪದವಿಯ ನಂತರದ ವರ್ಷಗಳನ್ನು ಬರದ ಹೊಲದಲ್ಲೇ ಕಳೆದದ್ದು. ಪೀಟರ್‌ಮಾರಿಟ್ಸ್‌ಬರ್ಗ್‌ನ ವಿನ್ಯಾಸ ಆ ವರ್ಷಗಳನ್ನು ಪದವಿಯ ಒಳಗೇ ತಂದಿತು.

ಇನ್ನು ಕೊರತೆಗಳು. ತವರಿನ ಮೂರು ವರ್ಷದಲ್ಲಿ ಒಂದು ತಳಿ ಸಿದ್ಧವಾಗುವುದಿಲ್ಲ. ಸಂಕರಣದಿಂದ ಬಿಡುಗಡೆಯವರೆಗೆ ವಾಡಿಕೆಯ ಹಾದಿ ಹತ್ತು ವರ್ಷದ ಆಸುಪಾಸು. ಪ್ರಬಂಧ ಮುಗಿದಾಗ ವಿದ್ಯಾರ್ಥಿಯ ಕೈಯಲ್ಲಿರುವುದು ಅರ್ಧದಾರಿಯ ಸಾಲುಗಳು. ವಿದ್ಯಾರ್ಥಿವೇತನದ ಜೊತೆಗೇ ಹೊಲದ ಖರ್ಚೂ ನಿಂತರೆ ಆ ಸಾಲುಗಳು ಶೀತಲಗೃಹದಲ್ಲಿ, ಅದೂ ಇಲ್ಲದ ಕಡೆ ಗೋಣಿಚೀಲದಲ್ಲಿ, ಮೊಳಕೆ ಶಕ್ತಿ ಕಳೆದುಕೊಳ್ಳುತ್ತವೆ. ಹೊಸ ಡಾಕ್ಟರೇಟ್ ಪಡೆದವರನ್ನು ಬೇಗನೆ ಆಡಳಿತದ ಕುರ್ಚಿಗೆ ಎಳೆದುಕೊಳ್ಳುವ ಪದ್ಧತಿಯೂ ನೋವು ತರುವಂಥದ್ದು. ಸೂಲಂಗಿ ಮತ್ತು ಎಳೆಯ ದಿನ ಬರೆಯುತ್ತಿದ್ದ ಕೈ ಕಡತಕ್ಕೆ ಸಹಿ ಹಾಕತೊಡಗಿದರೆ ಆ ಹೊಲದ ಕಣ್ಣು ಹೋದಂತೆ.

ಕೆಲಸದಲ್ಲಿರುವವರಿಗಾಗಿ 2013ರಲ್ಲಿ ನೈರೋಬಿಯಲ್ಲಿ ಆರಂಭವಾದ 'ಆಫ್ರಿಕನ್ ಪ್ಲಾಂಟ್ ಬ್ರೀಡಿಂಗ್ ಅಕಾಡೆಮಿ' ಒಳ್ಳೆಯ ಪೂರಕ. ಎರಡೆರಡು ವಾರದ ಮೂರು ಕಂತುಗಳಲ್ಲಿ, ಉದ್ಯೋಗ ಬಿಡದೆ, ಜೀನೋಮ್ ಮಾಹಿತಿ ಬಳಸಿ ಆಯ್ಕೆ ಮಾಡುವುದನ್ನು ಅದು ಕಲಿಸುತ್ತದೆ. ಜಾಗತಿಕ ಸಂಶೋಧನೆಯಲ್ಲಿ ಮೂಲೆಗುಂಪಾದ ಸ್ಥಳೀಯ ಬೆಳೆಗಳು ಅದರ ಗುರಿ. ನನಗೆ ಡಿಎನ್‌ಎ ಆಧಾರಿತ ಆಯ್ಕೆಯ ಬಗ್ಗೆ ಯಾವ ತಕರಾರೂ ಇಲ್ಲ. ಆದರೆ ಡಿಎನ್‌ಎ ನೋಡಿ ಗಿಡದ ಗುಣ ಅಂದಾಜಿಸುವ ಗಣಕದ ಜೀನೋಮ್ ಮಾದರಿಯನ್ನು ತರಬೇತುಗೊಳಿಸುವುದು ಹೊಲದ ದತ್ತಾಂಶವೇ. ಬರದ ತಾಕಿನಲ್ಲಿ ತಪ್ಪಾಗಿ ಬರೆದ ಎರಡು ದಿನ ಅಲ್ಲಿಗೂ ಹೋಗಿ ಸೇರುತ್ತದೆ, ಯಂತ್ರ ಅದನ್ನು ಸರಿಪಡಿಸುವುದಿಲ್ಲ.

ಇಂಥ ತರಬೇತಿಯನ್ನು ಬೇರೆಡೆ ಆರಂಭಿಸಲು ಹೊರಡುವ ವಿಶ್ವವಿದ್ಯಾಲಯ ಮೊದಲು ಹಣ ಎತ್ತಿಡಬೇಕಾದದ್ದು ಮಳೆಯಿಲ್ಲದ ಹಂಗಾಮಿನಲ್ಲಿ ನೀರು ಸಿಗುವ, ಮಣ್ಣು ಸಮನಾಗಿರುವ ನಾಲ್ಕೈದು ಹೆಕ್ಟೇರ್ ಜಮೀನಿಗೆ, ಅದರ ಪೈಪು ಪಂಪುಗಳಿಗೆ, ಹೂವಿನ ಕಾಲದಲ್ಲಿ ದಿನವೂ ಹೊಲಕ್ಕಿಳಿಯುವ ಕಾಯಂ ಕ್ಷೇತ್ರ ಸಹಾಯಕರ ಸಂಬಳಕ್ಕೆ. ಆಮೇಲೆ, ಪದವಿ ಪಡೆದವರ ಸಾಲುಗಳು ಬಿಡುಗಡೆಯ ಹಂತ ಮುಟ್ಟುವವರೆಗೆ ಇನ್ನೂ ಐದು ವರ್ಷದ ಹೊಲದ ಖರ್ಚಿಗೆ. ವಿದ್ಯಾರ್ಥಿವೇತನದ ಸಂಖ್ಯೆಯನ್ನು ಇವೆಲ್ಲವನ್ನೂ ಕಳೆದು ಉಳಿದ ಹಣದಲ್ಲಿ ನಿಗದಿ ಮಾಡಲಿ, ಇಪ್ಪತ್ತರ ಬದಲು ಎಂಟೇ ಆದರೂ ಸರಿ.